ಲಿನಕ್ಸ್ ಲ್ಯಾಪ್‌ಟಾಪ್‌ನ ಮೈಕ್ ಮೂಕವಾದರೆ: ದನಿ ಎಲ್ಲಿ ನಿಂತಿತು ಅಂತ ಹುಡುಕುವ ಬಗೆ

ನಮ್ಮ ಕಟ್ಟಡದ ಮೂರನೇ ಮಹಡಿಯ ಮಾಮಿಗೆ ಪ್ರತಿ ಗುರುವಾರ ಸಂಜೆ ಆನ್‌ಲೈನ್ ಭಜನೆ. ಮುಲುಂಡ್‌ನಿಂದ ಇವರು, ಡೊಂಬಿವಲಿಯಿಂದ ಇಬ್ಬರು, ಉಡುಪಿ ಕಡೆಯಿಂದ ನಾಲ್ಕೈದು ಜನ. ಮಾಮಿಯ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ನಾನೇ. ಲಿನಕ್ಸ್ ಅಂದರೆ ವಿಂಡೋಸ್ ಹಾಗೆಯೇ ಯಂತ್ರ ನಡೆಸುವ ಸಾಫ್ಟ್‌ವೇರ್; ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್ ಎಲ್ಲ ಅದರ ಬೇರೆ ಬೇರೆ ರೂಪಗಳು. ಯೂಟ್ಯೂಬ್ ಬಂತು, ಕ್ಯಾಮೆರಾ ಬಂತು, ಕನ್ನಡ ಅಕ್ಷರ ಚೆನ್ನಾಗಿ ಕಂಡಿತು. ನಾನು ಚಹಾ ಕುಡಿದು, ಬೆನ್ನು ತಟ್ಟಿಸಿಕೊಂಡು ಮನೆಗೆ ಬಂದೆ.

ಮೊದಲ ಗುರುವಾರವೇ ಫೋನ್. “ಮಾರಾಯ, ನಾನು ಹಾಡ್ತಾನೇ ಇದ್ದೇನೆ. ಅವರೆಲ್ಲ ‘ಮಾಮಿ, ಮ್ಯೂಟ್ ತೆಗೀರಿ’ ಅಂತಿದ್ದಾರೆ. ಇಲ್ಲಿ ಮ್ಯೂಟೇ ಇಲ್ಲ!”

ಮಾಮಿ ಹೇಳಿದ್ದು ನಿಜ. ಮ್ಯೂಟ್ ಇರಲಿಲ್ಲ. ಮೈಕ್ ಕೆಟ್ಟಿರಲೂ ಇಲ್ಲ. ತಪ್ಪು ಬೇರೆಲ್ಲೋ ಇತ್ತು. ಅದನ್ನು ಹುಡುಕಲು ನನಗೆ ಎರಡು ಸಂಜೆ ಬೇಕಾಯಿತು, ಅದೂ ಅಡ್ಡಾದಿಡ್ಡಿ ಹುಡುಕಿದ್ದಕ್ಕೆ. ಸಾಲಾಗಿ ಹುಡುಕಿದ್ದರೆ ಅರ್ಧ ಗಂಟೆಯ ಕೆಲಸ. ಆ ಸಾಲು ಯಾವುದು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಈಗ ಯಾಕೆ ಈ ಮಾತು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದೋ ಅದರ ಮುಂದಿನದ್ದೋ ಇರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಲೆಕ್ಕದಲ್ಲಿ ಹೊರಗುಳಿದವು. ಹಾಗಾಗಿ ಕಂಪ್ಯೂಟರ್ ಪಾಠ ಕಲಿಯದ ಮಂದಿಯ ಮನೆಗೂ ಲಿನಕ್ಸ್ ಬರುತ್ತಿದೆ.

ಬಂದವರು ಹೇಳುವ ತೊಂದರೆಗಳಲ್ಲಿ ಮೈಕ್‌ದೂ ಒಂದು. ಪರದೆ ಕಪ್ಪಾದರೆ ಕೂಡಲೇ ತಿಳಿಯುತ್ತದೆ. ಮೈಕ್ ಹಾಗಲ್ಲ. ನಿಮ್ಮ ದನಿ ಆಚೆ ಕೇಳುತ್ತಿಲ್ಲ ಅಂತ ನಿಮಗೆ ಗೊತ್ತಾಗುವುದೇ ಆಚೆಯವರು ಹೇಳಿದ ಮೇಲೆ.

ದನಿಯ ದಾರಿ, ಬಿಲ್ಡಿಂಗ್ ನೀರಿನ ಹಾಗೆ

ಮುಂಬೈಯ ಬಿಲ್ಡಿಂಗ್‌ನಲ್ಲಿ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಬಿಎಂಸಿಯ, ಅಂದರೆ ಮಹಾನಗರಪಾಲಿಕೆಯ ನೀರು ಮೊದಲು ನೆಲದಡಿಯ ಸಂಪ್‌ಗೆ ಬರುತ್ತದೆ. ವಾಚ್‌ಮನ್ ಪಂಪ್ ಹಾಕಿದರೆ ಮೇಲಿನ ಟ್ಯಾಂಕ್ ತುಂಬುತ್ತದೆ. ಅಲ್ಲಿಂದ ಇಳಿದು ಒಂದೊಂದು ಮನೆಯ ನಲ್ಲಿಗೆ ಹೋಗುತ್ತದೆ. ನಲ್ಲಿ ಒಣಗಿದ್ದರೆ ಯಾರೂ ಮೊದಲೇ ನಲ್ಲಿ ಬಿಚ್ಚುವುದಿಲ್ಲ, ಅಲ್ವಾ? ಪಕ್ಕದ ಮನೆಗೆ ಬರ್ತಿದೆಯಾ, ಟ್ಯಾಂಕ್ ತುಂಬಿದೆಯಾ, ಸಂಪ್‌ಗೆ ನೀರು ಬಂದಿತ್ತಾ ಅಂತ ಕೇಳುತ್ತೇವೆ.

ಲ್ಯಾಪ್‌ಟಾಪ್‌ನಲ್ಲಿ ದನಿಯೂ ಹೀಗೇ ನಾಲ್ಕು ಕಡೆ ಹಾದು ಬರುತ್ತದೆ.

ಮೊದಲನೆಯದು ಮೈಕ್ ಮತ್ತು ಅದರ ಚಿಪ್. ಗಾಳಿಯ ಅದುರು ಇಲ್ಲಿ ವಿದ್ಯುತ್ತಾಗುತ್ತದೆ, ಆಮೇಲೆ ಅಂಕಿಗಳಾಗುತ್ತದೆ.

ಎರಡನೆಯದು ಆಲ್ಸಾ. ಲಿನಕ್ಸ್‌ನ ಒಳತಿರುಳಿಗೆ ಕರ್ನಲ್ ಅನ್ನುತ್ತಾರೆ. ಯಂತ್ರದ ಭಾಗಗಳ ಜೊತೆ ನೇರವಾಗಿ ಮಾತಾಡುವುದು ಅದೇ. ಕರ್ನಲ್‌ನಲ್ಲಿ ಸದ್ದಿನ ಖಾತೆ ನೋಡಿಕೊಳ್ಳುವ ಭಾಗ ಆಲ್ಸಾ. ಯಾರೊಸ್ಲಾವ್ ಕಿಸೆಲಾ ಎಂಬವರು 1998ರಲ್ಲಿ ಶುರು ಮಾಡಿದ ಕೆಲಸ ಇದು. ಇದು ನಮ್ಮ ಸಂಪ್.

ಮೂರನೆಯದು ಪೈಪ್‌ವೈರ್. ಒಂದೇ ಮೈಕ್ ಅನ್ನು ಹತ್ತು ಆ್ಯಪ್ ಕೇಳಿದರೆ ಯಾರಿಗೆ ಎಷ್ಟು, ಯಾವ ಮೈಕ್‌ನಿಂದ ಅಂತ ಹಂಚುವುದು ಇದು. ಮೇಲಿನ ಟ್ಯಾಂಕೂ ಇದೇ, ವಾಲ್ವ್ ತಿರುಗಿಸುವ ವಾಚ್‌ಮನ್ನೂ ಇದೇ. ಮೊದಲು ಈ ಜಾಗದಲ್ಲಿ ಪಲ್ಸ್‌ಆಡಿಯೊ ಇತ್ತು. ಫೆಡೋರಾ 2021ರಲ್ಲಿ, ಉಬುಂಟು 2022ರ ಅಕ್ಟೋಬರ್ ಆವೃತ್ತಿಯಲ್ಲಿ, ಮಿಂಟ್ 2024ರಲ್ಲಿ ಬಂದ 22ನೇ ಆವೃತ್ತಿಯಲ್ಲಿ ಪೈಪ್‌ವೈರ್‌ಗೆ ಬಂದವು. ಹಳೇ ಸಲಕರಣೆಗಳು ಹೊಸದರ ಜೊತೆಗೂ ಕೆಲಸ ಮಾಡುತ್ತವೆ. ಅದಕ್ಕೇ ಪಲ್ಸ್ ಎಂಬ ಹೆಸರು ಇನ್ನೂ ಎಲ್ಲ ಕಡೆ ಕಾಣುತ್ತದೆ. ಗಾಬರಿ ಬೇಡ.

ನಾಲ್ಕನೆಯದು ಆ್ಯಪ್: ಬ್ರೌಸರ್, ಝೂಮ್, ದನಿ ರೆಕಾರ್ಡ್ ಮಾಡುವ ಆಡಾಸಿಟಿ. ಮನೆಯ ನಲ್ಲಿ.

ಹುಡುಕುವ ಕ್ರಮ ಇಷ್ಟೇ: ಕೆಳಗಿಂದ ಮೇಲಕ್ಕೆ ಹೋಗುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನಾನು ಮೊದಲ ಸಂಜೆ ಮಾಡಿದ್ದು ಇದರ ತದ್ವಿರುದ್ಧ. ಎಲ್ಲೆಲ್ಲೋ ಕಂಡ ಆಜ್ಞೆಗಳನ್ನು ಒಂದರ ಮೇಲೊಂದು ಹೊಡೆದೆ. ಕೊನೆಗೆ ಸ್ಪೀಕರ್ ಕೂಡ ಸುಮ್ಮನಾಯಿತು.

ಕಣ್ಣಿಗೆ ಕಾಣುವುದನ್ನು ಮೊದಲು ನೋಡಿ

ತುಂಬಾ ಲ್ಯಾಪ್‌ಟಾಪ್‌ಗಳ ಮೇಲಿನ ಸಾಲಿನ ಕೀಲಿಗಳಲ್ಲಿ ಒಂದರ ಮೇಲೆ ಗೀಟು ಎಳೆದ ಮೈಕ್ ಚಿತ್ರ ಇರುತ್ತದೆ. ಕೆಲವದರಲ್ಲಿ ಅದಕ್ಕೊಂದು ಪುಟ್ಟ ದೀಪ. ದೀಪ ಉರಿಯುತ್ತಿದ್ದರೆ ಸಾಮಾನ್ಯವಾಗಿ ಮೈಕ್ ಮುಚ್ಚಿದೆ ಅಂತ ಅರ್ಥ. ಇನ್ನು ಕೆಲವು ಯಂತ್ರಗಳಲ್ಲಿ, ಅದರಲ್ಲೂ ಕಚೇರಿಗೆಂದು ಮಾಡಿದವುಗಳಲ್ಲಿ, ಬಯಾಸ್ ಸೆಟ್ಟಿಂಗ್ (ಲಿನಕ್ಸ್ ಶುರುವಾಗುವ ಮೊದಲೇ ತೆರೆಯುವ, ಯಂತ್ರದ ಸ್ವಂತ ಸೆಟ್ಟಿಂಗ್) ಒಳಗೇ ಮೈಕ್ ಬಂದ್ ಮಾಡುವ ಆಯ್ಕೆ ಇರುತ್ತದೆ. ಕಂಪನಿ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿದ ಲ್ಯಾಪ್‌ಟಾಪ್ ಆಗಿದ್ದರೆ ಇದನ್ನು ಮರೆಯದೆ ನೋಡಿ. ಅಲ್ಲಿ ಬಂದ್ ಆಗಿದ್ದರೆ ಲಿನಕ್ಸ್ ಒಳಗೆ ತಲೆಕೆಳಗಾಗಿ ನಿಂತರೂ ಮೈಕ್ ಕಾಣುವುದಿಲ್ಲ.

ಮೈಕ್‌ನ ತೂತು ಎಲ್ಲಿದೆ ಅಂತ ಹುಡುಕಿ. ಹೆಚ್ಚಾಗಿ ಕ್ಯಾಮೆರಾದ ಎರಡೂ ಪಕ್ಕ ಸೂಜಿಮೊನೆಯಷ್ಟು ಚಿಕ್ಕದಾಗಿ ಇರುತ್ತದೆ. ಕ್ಯಾಮೆರಾ ಮುಚ್ಚಲು ಅಂಟಿಸಿದ ಸ್ಟಿಕ್ಕರ್ ಅದನ್ನೂ ಮುಚ್ಚಿರಬಹುದು. ಪಿನ್ನು ಮಾತ್ರ ಹಾಕಬೇಡಿ.

ತಂತಿ ಇರುವ ಇಯರ್‌ಫೋನ್ ಬಳಸುವವರು ಅದರ ಪಿನ್ ನೋಡಿ. ಲೋಹದ ಮೇಲೆ ಎರಡು ಕಪ್ಪು ಬಳೆ ಇದ್ದರೆ ಅದು ಬರೀ ಕೇಳುವುದಕ್ಕೆ, ಮೈಕ್ ಅದರಲ್ಲಿಲ್ಲ. ಮೂರು ಬಳೆ ಇದ್ದರೆ ಮೈಕ್ ಸಮೇತ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕೇಳುವುದಕ್ಕೆ ಒಂದು, ಮೈಕ್‌ಗೆ ಒಂದು ಅಂತ ಬೇರೆ ಬೇರೆ ತೂತು. ಮೂರು ಬಳೆಯ ಪಿನ್ ಅನ್ನು ಅಲ್ಲಿ ಸಿಕ್ಕಿಸಿದರೆ ಹಾಡು ಕೇಳುತ್ತದೆ, ಮೈಕ್ ಓಡುವುದಿಲ್ಲ. ಒಂದನ್ನು ಎರಡು ಮಾಡುವ ಕವಲು ತಂತಿ ಬೇಕು.

ಸಂಪ್‌ಗೆ ನೀರು ಬಂದಿದೆಯಾ

ಈಗ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯಬೇಕು. ಆಜ್ಞೆಗಳನ್ನು ಫೋನಿನಲ್ಲಿ ಮಾಮಿಗೆ ಹೇಳಿದ ಹಾಗೆ ಅಕ್ಷರ ಬಿಡಿಸಿ ಹೇಳುತ್ತೇನೆ. ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ದೊಡ್ಡದು ಬೇಕಾದಾಗ ಹೇಳುತ್ತೇನೆ.

ರೆಕಾರ್ಡ್ ಎಂಬ ಪದದ ಮುಂದೆ ಎ ಅಂಟಿಸಿ. ‘ಎರೆಕಾರ್ಡ್’ ಆಯಿತು. ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಎಲ್. ಎಂಟರ್ ಒತ್ತಿ. ಕರ್ನಲ್‌ಗೆ ಕಾಣುತ್ತಿರುವ, ದನಿ ಹಿಡಿಯಬಲ್ಲ ಸಾಧನಗಳ ಪಟ್ಟಿ ಬರುತ್ತದೆ. ‘ಕಾರ್ಡ್ 0’, ‘ಡಿವೈಸ್ 0’, ‘ಎಎಲ್‌ಸಿ’ ಅಂತ ಶುರುವಾಗುವ ಒಂದು ನಂಬರ್, ‘ಅನಲಾಗ್’ ಎಂಬ ಪದ. ಇಂಥ ಸಾಲು ಕಂಡರೆ ಚಿಪ್ ಗುರುತು ಸಿಕ್ಕಿದೆ. ಎಎಲ್‌ಸಿ ಅಂದರೆ ರಿಯಲ್‌ಟೆಕ್ ಕಂಪನಿಯ ಚಿಪ್. ಕಾರ್ಡ್ ನಂಬರ್ ಮತ್ತು ಡಿವೈಸ್ ನಂಬರ್ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕು.

ತಲೆಬರಹ ಮಾತ್ರ ಬಂದು ಕೆಳಗೆ ಖಾಲಿ ಇದ್ದರೆ, ಅಥವಾ ಸೌಂಡ್‌ಕಾರ್ಡೇ ಇಲ್ಲ ಎಂಬ ಉತ್ತರ ಬಂದರೆ, ತೊಂದರೆ ಇಲ್ಲೇ ಇದೆ. ಆ್ಯಪ್ ಬದಲಿಸಿ, ಬ್ರೌಸರ್ ಬದಲಿಸಿ ಉಪಯೋಗವಿಲ್ಲ.

ಸ್ಪೀಕರ್ ಸರಿಯಾಗಿದ್ದೂ ಮೈಕ್ ಮಾತ್ರ ಕಾಣದಿರುವುದು ಹೇಗೆ? ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್‌ನ ತಂತಿ ಸ್ಪೀಕರ್ ನೋಡಿಕೊಳ್ಳುವ ಚಿಪ್‌ಗೇ ಹೋಗುತ್ತಿತ್ತು. ಹೊಸದರಲ್ಲಿ ಹೆಚ್ಚಾಗಿ ಡಿಜಿಟಲ್ ಮೈಕ್. ಅದು ಆ ಚಿಪ್ ಬಿಟ್ಟು, ಪ್ರೊಸೆಸರ್ ಜೊತೆಗಿರುವ ಇನ್ನೊಂದು ಪುಟ್ಟ ಸದ್ದಿನ ಪ್ರೊಸೆಸರ್‌ಗೆ ಅಂಟಿಕೊಂಡಿರುತ್ತದೆ. ಅಂದರೆ ಎರಡು ಬೇರೆ ಬಾಗಿಲು. ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು.

ಇಂಟೆಲ್‌ನ ಆ ಪುಟ್ಟ ಪ್ರೊಸೆಸರ್‌ಗೆ ಫರ್ಮ್‌ವೇರ್ ಬೇಕು. ಫರ್ಮ್‌ವೇರ್ ಅಂದರೆ ಚಿಪ್‌ನ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಇದರ ಹೆಸರು ಸೌಂಡ್ ಓಪನ್ ಫರ್ಮ್‌ವೇರ್, ಚಿಕ್ಕದಾಗಿ ಎಸ್‌ಓಎಫ್. ಆ ಫೈಲ್ ಇಲ್ಲದಿದ್ದರೆ ಮೈಕ್ ಏಳುವುದೇ ಇಲ್ಲ. ಡೆಬಿಯನ್ ಮತ್ತು ಉಬುಂಟುವಿನ ಪ್ಯಾಕೇಜ್ ಪಟ್ಟಿಯಲ್ಲಿ ಫರ್ಮ್‌ವೇರ್, ಎಸ್‌ಓಎಫ್, ಸೈನ್ಡ್ ಎಂಬ ಮೂರು ಪದ ಅಡ್ಡಗೆರೆಯಿಂದ ಜೋಡಿಸಿದ ಹೆಸರಿನಲ್ಲಿ ಇದು ಸಿಗುತ್ತದೆ. ಫೆಡೋರಾದಲ್ಲಿ ಆಲ್ಸಾ, ಎಸ್‌ಓಎಫ್, ಫರ್ಮ್‌ವೇರ್. ಆರ್ಚ್‌ನಲ್ಲಿ ಬರೀ ಎಸ್‌ಓಎಫ್, ಫರ್ಮ್‌ವೇರ್. ಹಾಕಿದ ಮೇಲೆ ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ.

ಇಂಟೆಲ್ ಬದಲು ಎಎಂಡಿ ಕಂಪನಿಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳ ಕಥೆ ಇನ್ನೂ ಮಜವಾಗಿದೆ. ಅದರ ರೈಜೆನ್ 6000 ಪ್ರೊಸೆಸರ್ ಕಾಲದ ಮತ್ತು ಆಮೇಲಿನ ಕೆಲವು ಮಾದರಿಗಳಿಗೆ ಕರ್ನಲ್‌ನ ಒಳಗೇ ಒಂದು ಹೆಸರುಪಟ್ಟಿ ಇದೆ. ಈ ಕಂಪನಿಯ ಈ ಮಾದರಿಗೆ ಡಿಜಿಟಲ್ ಮೈಕ್ ಉಂಟು ಅಂತ ಒಂದೊಂದಾಗಿ ಬರೆದಿಟ್ಟದ್ದು. ನಿಮ್ಮ ಮಾದರಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮೈಕ್ ಇದ್ದೂ ಇಲ್ಲದ ಹಾಗೆ. ರೇಷನ್ ಕಾರ್ಡ್‌ನಲ್ಲಿ ಹೆಸರು ಸೇರದ ಮಗುವಿನ ಹಾಗೆ. ಯಾರಾದರೂ ವರದಿ ಮಾಡಿದರೆ ಮುಂದಿನ ಕರ್ನಲ್‌ನಲ್ಲಿ ಹೆಸರು ಸೇರುತ್ತದೆ. ಆದ್ದರಿಂದ ಎಎಂಡಿ ಯಂತ್ರದಲ್ಲಿ ಮೈಕ್ ಕಾಣದಿದ್ದರೆ ಮೊದಲು ಹೊಸ ಕರ್ನಲ್ ಹಾಕಿ ನೋಡಿ. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ಒಳಗೇ ಕರ್ನಲ್ ಆರಿಸುವ ಜಾಗ ಇದೆ. ಅದಕ್ಕೂ ಮೊದಲು ಸುಮ್ನೆ ಪರೀಕ್ಷೆ ಮಾಡಬೇಕಿದ್ದರೆ, ಇತ್ತೀಚಿನ ಫೆಡೋರಾವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅದರಿಂದಲೇ ಹಚ್ಚಿ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಉತ್ತರ ಸಿಗುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸೂ ಲಿನಕ್ಸೂ ಇಟ್ಟುಕೊಂಡವರು ಇದನ್ನೂ ನೋಡಿ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಆರಿರುವುದಿಲ್ಲ. ಸದ್ದಿನ ಚಿಪ್ ಅರೆಬರೆ ಎಚ್ಚರದಲ್ಲಿ ಉಳಿದು ಲಿನಕ್ಸ್‌ಗೆ ಸರಿಯಾಗಿ ಸಿಗದೆ ಹೋಗಬಹುದು.

ವಾಲ್ವ್ ತೆರೆದಿದೆಯಾ

ಪಟ್ಟಿಯಲ್ಲಿ ಮೈಕ್ ಕಂಡಿತು. ಇನ್ನು ಮಟ್ಟ ನೋಡಬೇಕು. ಟರ್ಮಿನಲ್‌ನಲ್ಲಿ ಆಲ್ಸಾ ಮತ್ತು ಮಿಕ್ಸರ್ ಎರಡೂ ಪದ ಜಾಗ ಬಿಡದೆ ಬರೆದರೆ ಆಲ್ಸಾಮಿಕ್ಸರ್ ತೆರೆಯುತ್ತದೆ. ನಿಂತ ಕಂಬಗಳ ಹಾಗೆ ಕಾಣುವ ಹಳೇ ಕಾಲದ ಪರದೆ.

ಇಲ್ಲಿ ಎಲ್ಲರೂ ಮುಗ್ಗರಿಸುವ ಒಂದು ಜಾಗ ಇದೆ. ಮೊದಲು ತೆರೆದುಕೊಳ್ಳುವುದು ಪೈಪ್‌ವೈರ್‌ನ ಮುಖ. ಒಂದೇ ಕಂಬ ಇರುತ್ತದೆ. ‘ಎಫ್6’ ಒತ್ತಿ ನಿಜವಾದ ಕಾರ್ಡ್ ಆರಿಸಿದರೆ ಮಾತ್ರ ಒಳಗಿನ ಕಂಬಗಳು ಕಾಣುತ್ತವೆ. ಆಮೇಲೆ ‘ಎಫ್4’ ಒತ್ತಿದರೆ ದನಿ ಹಿಡಿಯುವ ಕಡೆಯವು ಮಾತ್ರ ಉಳಿಯುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ‘ಎಫ್‌ಎನ್’ ಕೀಲಿಯೂ ಹಿಡಿಯಬೇಕು.

‘ಕ್ಯಾಪ್ಚರ್’ ಎಂಬ ಕಂಬದ ಕೆಳಗೆ ಅದೇ ಪದ ಕೆಂಪಾಗಿ ಬರೆದಿದ್ದರೆ ಬಾಗಿಲು ತೆರೆದಿದೆ. ಇಲ್ಲದಿದ್ದರೆ ಆ ಕಂಬಕ್ಕೆ ಹೋಗಿ ಸ್ಪೇಸ್ ಒತ್ತಿ. ಬೇರೆ ಕಂಬಗಳಲ್ಲಿ ‘ಎಂಎಂ’ ಅಂತಿದ್ದರೆ ಮ್ಯೂಟ್, ಎರಡು ಸೊನ್ನೆ ಇದ್ದರೆ ತೆರೆದಿದೆ. ಎಂ ಒತ್ತಿದರೆ ಬದಲಾಗುತ್ತದೆ. ‘ಇಂಟರ್ನಲ್ ಮೈಕ್ ಬೂಸ್ಟ್’ ಎಂಬ ಇನ್ನೊಂದು ಕಂಬ ಇರಬಹುದು. ಅದು ಹಳೇ ಅನಲಾಗ್ ಮೈಕ್‌ನ ದನಿಯನ್ನು ಮೆಟ್ಟಿಲು ಮೆಟ್ಟಿಲಾಗಿ, ಸಾಮಾನ್ಯವಾಗಿ 10 ಡೆಸಿಬೆಲ್ ಲೆಕ್ಕದಲ್ಲಿ ಏರಿಸುತ್ತದೆ. ಒಂದು ಮೆಟ್ಟಿಲು ಸಾಕು. ಮೂರಕ್ಕೂ ಏರಿಸಿದರೆ ನಿಮ್ಮ ದನಿಗಿಂತ ಜಾಸ್ತಿ ಸೀಲಿಂಗ್ ಫ್ಯಾನ್ ಕೇಳುತ್ತದೆ.

ಐದು ಸೆಕೆಂಡಿನ ಪರೀಕ್ಷೆ

ಈಗ ಆ್ಯಪ್‌ಗಳನ್ನೂ ಪೈಪ್‌ವೈರ್ ಅನ್ನೂ ಬದಿಗಿಟ್ಟು, ಸಂಪ್‌ನಿಂದಲೇ ಒಂದು ಚೊಂಬು ನೀರು ಮೊಗೆದು ನೋಡೋಣ.

‘ಎರೆಕಾರ್ಡ್’ ಬರೆದು ಜಾಗ ಬಿಡಿ. ಅಡ್ಡಗೆರೆ, ದೊಡ್ಡ ಡಿ, ಜಾಗ. ಪ್ಲಗ್ ಎಂಬ ಪದ, ಅದಕ್ಕೆ ಅಂಟಿಕೊಂಡು ಎಚ್ ಮತ್ತು ಡಬ್ಲ್ಯು, ಕೋಲನ್, ಕಾರ್ಡ್ ನಂಬರ್, ಕಾಮ, ಡಿವೈಸ್ ನಂಬರ್. ಜಾಗ ಬಿಟ್ಟು ಅಡ್ಡಗೆರೆ, ಎಫ್, ಜಾಗ, ಸಿಡಿ. ಮತ್ತೆ ಜಾಗ, ಅಡ್ಡಗೆರೆ, ಸಣ್ಣ ಡಿ, ಜಾಗ, 5. ಕೊನೆಗೆ ಫೈಲಿಗೊಂದು ಹೆಸರು, ಚುಕ್ಕಿ, ವೇವ್ ಫೈಲಿನ ಮೂರಕ್ಷರದ ಬಾಲ: ಡಬ್ಲ್ಯು, ಎ, ವಿ. ದೊಡ್ಡ ಡಿ ಬಿಟ್ಟುಬಿಟ್ಟರೆ ದನಿ ಪೈಪ್‌ವೈರ್ ಮೂಲಕವೇ ಹೋಗಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಸಾಧನ ಬಿಡುವಿಲ್ಲ ಎಂಬ ಉತ್ತರ ಬಂದರೆ ಮೈಕ್ ಬಳಸುತ್ತಿರುವ ಆ್ಯಪ್‌ಗಳನ್ನು, ಧ್ವನಿ ಸೆಟ್ಟಿಂಗ್‌ನ ಕಿಟಕಿಯನ್ನೂ ಸೇರಿಸಿ, ಮುಚ್ಚಿ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹೊಡೆಯಿರಿ.

ಐದು ಸೆಕೆಂಡ್ ಏನಾದರೂ ಮಾತಾಡಿ. ನಾನು ಮಗ್ಗಿ ಹೇಳುತ್ತೇನೆ. ಆಮೇಲೆ ಪ್ಲೇ ಎಂಬ ಪದದ ಮುಂದೆ ಎ ಅಂಟಿಸಿ, ಫೈಲಿನ ಹೆಸರು ಕೊಟ್ಟು ಕೇಳಿ.

ಫೈಲಿನ ತೂಕ ನೋಡಿ ಮೋಸ ಹೋಗಬೇಡಿ. ಸಿಡಿ ಮಟ್ಟದ ದನಿ ಅಂದರೆ ಒಂದು ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 2 ಬೈಟ್, ಎಡಕ್ಕೊಂದು ಬಲಕ್ಕೊಂದು. ಐದು ಸೆಕೆಂಡಿಗೆ 8,82,000 ಬೈಟ್, ಮೇಲೆ 44 ಬೈಟ್‌ನ ತಲೆಬರಹ. ನೀವು ಕಿರುಚಿದರೂ ಅಷ್ಟೇ, ಉಸಿರು ಬಿಗಿಹಿಡಿದರೂ ಅಷ್ಟೇ. ಫೈಲ್ ಬಂದಿದೆ ಅಂದ ಮಾತ್ರಕ್ಕೆ ದನಿ ಬಂದಿದೆ ಅಂತಲ್ಲ. ಕಿವಿಯಿಂದಲೇ ನೋಡಬೇಕು.

ಇಲ್ಲಿ ದನಿ ಕೇಳಿತು ಅಂದರೆ ಮೈಕ್, ಚಿಪ್, ಆಲ್ಸಾ ಮೂರೂ ಗೆದ್ದವು. ಮಾಮಿಯ ಲ್ಯಾಪ್‌ಟಾಪ್‌ನಲ್ಲಿ ದನಿ ಸ್ಪಷ್ಟವಾಗಿ ಕೇಳಿತು. ಸ್ಟೇಷನ್ ಬಳಿಯ ರಿಪೇರಿ ಅಂಗಡಿಯೊಂದರಲ್ಲಿ ಮೈಕ್ ಹೋಗಿದೆ, ಬದಲಿಸಬೇಕು ಅಂದಿದ್ದರಂತೆ. ಈ ಐದು ಸೆಕೆಂಡ್ ಆ ಖರ್ಚು ಉಳಿಸಿತು.

ಹಂಚುವವನ ಕಡೆ

ಇಲ್ಲಿ ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಎಂಬ ಪುಟ್ಟ ಆ್ಯಪ್ ತುಂಬಾ ಕೆಲಸಕ್ಕೆ ಬರುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಪಾವುಕಂಟ್ರೋಲ್’ ಅಂತ ಹುಡುಕಿದರೂ ಸಿಗುತ್ತದೆ: ಪಿ, ಎ, ವಿ, ಯು, ಆಮೇಲೆ ಕಂಟ್ರೋಲ್.

ಅದರ ಕೊನೆಯ ಟ್ಯಾಬ್ ಕಾನ್ಫಿಗರೇಶನ್. ಅಲ್ಲಿ ಒಂದೊಂದು ಕಾರ್ಡ್‌ಗೂ ಪ್ರೊಫೈಲ್ ಇರುತ್ತದೆ. ಬರೀ ‘ಔಟ್‌ಪುಟ್’ ಅಂತಿದ್ದರೆ ಆ ಕಾರ್ಡ್ ಮೈಕ್ ಕಡೆ ಮುಖ ತಿರುಗಿಸಿದೆ. ‘ಡ್ಯೂಪ್ಲೆಕ್ಸ್’ ಆರಿಸಿದರೆ ಕೇಳುವುದೂ ಹೇಳುವುದೂ ಎರಡೂ.

ಇನ್‌ಪುಟ್ ಡಿವೈಸಸ್ ಟ್ಯಾಬ್‌ನಲ್ಲಿ ಮೈಕ್‌ಗಳ ಪಟ್ಟಿ. ಪ್ರತಿಯೊಂದರ ಕೆಳಗೆ ಮಾತಾಡಿದರೆ ಕುಣಿಯುವ ಪಟ್ಟೆ. ಯಾವ ಪಟ್ಟೆ ಕುಣಿಯುತ್ತದೋ ಅದೇ ನಿಮ್ಮ ಮೈಕ್. ಅದರ ಪಕ್ಕದ ಹಸಿರು ಗುರುತು ಒತ್ತಿದರೆ ಅದೇ ಮಾಮೂಲಿ ಮೈಕ್ ಆಗುತ್ತದೆ. ಪಟ್ಟಿಯಲ್ಲಿ ‘ಮಾನಿಟರ್’ ಅಂತ ಶುರುವಾಗುವ ಹೆಸರು ಕಂಡರೆ ಹುಷಾರು. ಅದು ಮೈಕ್ ಅಲ್ಲ, ಸ್ಪೀಕರ್‌ಗೆ ಹೋಗುವ ಸದ್ದಿನ ನಕಲು. ರೆಕಾರ್ಡಿಂಗ್‌ನಲ್ಲಿ ನಿಮ್ಮ ಮಾತು ಇಲ್ಲದೆ ಯೂಟ್ಯೂಬ್ ಹಾಡು ಮಾತ್ರ ಬಂದಿದ್ದರೆ ಕಾರಣ ಇದೇ.

ರೆಕಾರ್ಡಿಂಗ್ ಟ್ಯಾಬ್ ತೆರೆದು ‘ಏನೂ ಇಲ್ಲವಲ್ಲ’ ಅಂತ ಮುಚ್ಚುವವರು ಜಾಸ್ತಿ. ಅದು ಖಾಲಿ ಇರುವುದೇ ಸರಿ. ಯಾವುದಾದರೂ ಆ್ಯಪ್ ಮೈಕ್ ಬಳಸುತ್ತಿರುವ ಆ ಹೊತ್ತಿನಲ್ಲಿ ಮಾತ್ರ ಅಲ್ಲಿ ಹೆಸರು ಬರುತ್ತದೆ. ಆದ್ದರಿಂದ ಮೊದಲು ಕರೆ ಶುರು ಮಾಡಿ, ಆಮೇಲೆ ಟ್ಯಾಬ್ ನೋಡಿ. ಆ ಆ್ಯಪ್‌ಗೆ ಯಾವ ಮೈಕ್ ಹೋಗುತ್ತಿದೆ ಅಂತ ಅಲ್ಲೇ ಬದಲಿಸಬಹುದು.

ಪೈಪ್‌ವೈರೇ ಮುನಿಸಿಕೊಂಡಿದ್ದರೆ ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ, ಅಥವಾ ಯಂತ್ರ ಮತ್ತೆ ಹಚ್ಚಿ. ಪಲ್ಸ್‌ಆಡಿಯೊ ಕಿತ್ತು ಹಾಕಿ ಅನ್ನುವ ಹಳೇ ಸಲಹೆ ಎಲ್ಲಾದರೂ ಕಂಡರೆ ಕೈ ಹಾಕಬೇಡಿ. ಅದರ ಜೊತೆ ಡೆಸ್ಕ್‌ಟಾಪ್‌ನ ಬೇರೆ ಭಾಗಗಳೂ ಕಿತ್ತು ಬರಬಹುದು.

ಮಾಮಿಯ ದನಿ ಎಲ್ಲಿ ಹೋಗಿತ್ತು

ಪಟ್ಟೆ ಕುಣಿಯುತ್ತಿತ್ತು. ಐದು ಸೆಕೆಂಡಿನ ಪರೀಕ್ಷೆ ಪಾಸಾಗಿತ್ತು. ಕರೆಯಲ್ಲಿ ಮಾತ್ರ ಮೌನ. ನಾನು ಎರಡನೇ ಸಂಜೆಯೂ ತಲೆ ಕೆರೆದುಕೊಂಡು ಕುಳಿತೆ. ಮಾಮಿ ಎರಡನೇ ಸಲ ಚಹಾ ಮಾಡಿದರು.

ಕೊನೆಗೆ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ, ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಮೇಲೆ ಎಡ ಕಿವಿಯ ಅಲೆ, ಕೆಳಗೆ ಬಲ ಕಿವಿಯದು. ಎಡದಲ್ಲಿ ಗುಡ್ಡ ಇದ್ದ ಕಡೆ ಬಲದಲ್ಲಿ ಕಣಿವೆ. ಎಡದಲ್ಲಿ ಕಣಿವೆ ಇದ್ದ ಕಡೆ ಬಲದಲ್ಲಿ ಗುಡ್ಡ. ಕೆರೆಯ ನೀರಿನಲ್ಲಿ ಕಾಣುವ ಮರದ ಬಿಂಬದ ಹಾಗೆ ಸರೀ ತಲೆಕೆಳಗು.

ಇದರಿಂದ ಏನಾಗುತ್ತದೆ? ಒಂದು ಉಯ್ಯಾಲೆಯನ್ನು ಇಬ್ಬರು ಎದುರುಬದುರು ನಿಂತು, ಒಂದೇ ಕ್ಷಣ, ಒಂದೇ ಬಲದಲ್ಲಿ ತಳ್ಳಿದರೆ ಅದು ಅಲ್ಲಾಡುವುದಿಲ್ಲ. ಹಾಗೆಯೇ ಇದು. ಎಡ, ಬಲ ಬೇರೆ ಬೇರೆಯಾಗಿದ್ದಷ್ಟು ಹೊತ್ತು ದನಿ ಕೇಳುತ್ತದೆ. ಆದರೆ ಕರೆಯ ಆ್ಯಪ್‌ಗಳು ಸಾಮಾನ್ಯವಾಗಿ ಎರಡನ್ನೂ ಕೂಡಿಸಿ ಒಂದೇ ದನಿ ಮಾಡಿ ಕಳಿಸುತ್ತವೆ. ಕೂಡಿಸಿದಾಗ ಗುಡ್ಡವನ್ನು ಕಣಿವೆ ತಿಂದುಹಾಕುತ್ತದೆ. ಉಳಿಯುವುದು ಸೊನ್ನೆ. ಕೆಲವು ಲ್ಯಾಪ್‌ಟಾಪ್‌ಗಳ ಒಳಗಿನ ಮೈಕ್ ಹೀಗೇ ಇರುತ್ತದೆ. ಕೆಲವು ಮಾದರಿಗಳಿಗೆ ಕರ್ನಲ್‌ನಲ್ಲೇ ‘ಇನ್‌ವರ್ಟೆಡ್ ಇಂಟರ್ನಲ್ ಮೈಕ್’ ಎಂಬ ಪರಿಹಾರವೂ ಇದೆ. ಮಾಮಿಯದಕ್ಕೆ ಇರಲಿಲ್ಲ.

ಪರಿಹಾರ ಕೇಳಿದರೆ ನಗು ಬರುತ್ತದೆ. ಪಾವುಕಂಟ್ರೋಲ್‌ನ ಇನ್‌ಪುಟ್ ಡಿವೈಸಸ್‌ನಲ್ಲಿ ಮೈಕ್ ಪಕ್ಕ ಒಂದು ಬೀಗದ ಚಿತ್ರ ಇದೆ. ಒತ್ತಿದರೆ ಎಡ, ಬಲ ಬೇರೆ ಬೇರೆಯಾಗುತ್ತವೆ. ಬಲದ್ದನ್ನು ಪೂರ್ತಿ ಸೊನ್ನೆಗೆ ಇಳಿಸಿದೆ. ಕೂಡಿಸಲು ಎದುರಾಳಿಯೇ ಇಲ್ಲ, ದನಿ ಉಳಿಯಿತು. ಜೊತೆಗೆ ಕರೆಯ ಆ್ಯಪ್‌ನಲ್ಲಿ ಮೈಕ್ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಯ್ಕೆ ಇದ್ದದ್ದನ್ನೂ ತೆಗೆದೆ. ಇಲ್ಲವಾದರೆ ಅದು ಎರಡನ್ನೂ ಮತ್ತೆ ಸಮ ಮಾಡಿಬಿಡಬಹುದು.

ನಿಮಗೂ ಇದೇ ಆಗಿದೆಯಾ ಅಂತ ತಿಳಿಯಲು ಒಂದೇ ಗುರುತು: ರೆಕಾರ್ಡಿಂಗ್‌ನಲ್ಲಿ ದನಿ ಉಂಟು, ಕರೆಯಲ್ಲಿ ಇಲ್ಲ ಅಥವಾ ಬಾವಿಯೊಳಗಿಂದ ಬಂದ ಹಾಗೆ ತೆಳ್ಳಗೆ.

ಬ್ಲೂಟೂತ್ ಇಯರ್‌ಫೋನ್ ಇದ್ದರೆ

ಹಾಡು ಇಂಪಾಗಿ ಕೇಳುತ್ತದೆ, ಮೈಕ್ ಇಲ್ಲ. ಮೈಕ್ ಬಂದ ಕೂಡಲೇ ಹಾಡು ಹಳೇ ಲ್ಯಾಂಡ್‌ಲೈನ್ ಫೋನಿನ ಹಾಗೆ. ಇದು ಕೆಟ್ಟದ್ದಲ್ಲ, ಅದರ ಗುಣವೇ ಹಾಗೆ. ಬ್ಲೂಟೂತ್‌ನಲ್ಲಿ ಹಾಡಿಗೊಂದು ಪ್ರೊಫೈಲ್, ಎ2ಡಿಪಿ. ಅದರಲ್ಲಿ ಒಳ್ಳೆಯ ಸದ್ದು ಇಯರ್‌ಫೋನ್ ಕಡೆಗೆ ಹೋಗುತ್ತದೆ, ಮೈಕ್‌ಗೆ ವಾಪಸ್ ದಾರಿ ಇಲ್ಲ. ಮಾತಿಗೆ ಇನ್ನೊಂದು, ಎಚ್‌ಎಫ್‌ಪಿ. ಅದರಲ್ಲಿ ಎರಡೂ ಕಡೆ ಹೋಗಬೇಕಾದ್ದರಿಂದ ದಾರಿ ಇಕ್ಕಟ್ಟು: ಹಳೇ ಕ್ರಮದಲ್ಲಿ ಸೆಕೆಂಡಿಗೆ 8,000 ಅಳತೆ, ಸ್ವಲ್ಪ ಉತ್ತಮವಾದ ಎಂಎಸ್‌ಬಿಸಿ ಎಂಬ ಕ್ರಮದಲ್ಲಿ 16,000. ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಪ್ರೊಫೈಲ್ ಬದಲಿಸಬಹುದು. ನಾನಾದರೆ ಕೇಳುವುದಕ್ಕೆ ಬ್ಲೂಟೂತ್ ಇಟ್ಟುಕೊಂಡು, ಮಾತಿಗೆ ಲ್ಯಾಪ್‌ಟಾಪ್‌ನ ಮೈಕೇ ಆರಿಸುತ್ತೇನೆ.

ನಲ್ಲಿಯ ಕಡೆ

ಬ್ರೌಸರ್‌ನಲ್ಲಿ ಕರೆ ಮಾಡುವವರು ವಿಳಾಸದ ಪಕ್ಕದ ಚಿಹ್ನೆ ಒತ್ತಿ ಆ ಸೈಟಿಗೆ ಮೈಕ್ ಒಪ್ಪಿಗೆ ಇದೆಯಾ ನೋಡಿ. ಒಂದು ಸಲ ಅವಸರದಲ್ಲಿ ‘ಬ್ಲಾಕ್’ ಒತ್ತಿದ್ದರೆ ಅದು ನೆನಪಿಟ್ಟುಕೊಂಡಿರುತ್ತದೆ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬವು ಆ್ಯಪ್ ಅನ್ನು ಉಳಿದ ಯಂತ್ರದಿಂದ ಬೇರೆಯಾಗಿಟ್ಟು ಹಾಕುವ ಎರಡು ಬಗೆ. ಸ್ನ್ಯಾಪ್ ರೂಪದಲ್ಲಿ ಹಾಕಿದ ಆ್ಯಪ್‌ಗಳಿಗೆ ಮೈಕ್ ಒಪ್ಪಿಗೆ ಬೇರೆಯಾಗಿ ಕೊಡಬೇಕಾಗಬಹುದು. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳ ಒಪ್ಪಿಗೆ ನೋಡಲು ಫ್ಲ್ಯಾಟ್‌ಸೀಲ್ ಎಂಬ ಆ್ಯಪ್ ಇದೆ.

ಗುಂಯ್ ಅನ್ನುವ ಸದ್ದು

ದನಿ ಬಂತು, ಜೊತೆಗೆ ಗುಂಯ್‌ಗುಟ್ಟುವಿಕೆಯೂ ಬಂತು. ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಸದ್ದು ನಿಂತರೆ ಅದು ಕರೆಂಟಿನ ಸದ್ದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬಂದು ಮಾಡುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಪ್ಲಗ್‌ನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಆ ಅದುರು ಅನಲಾಗ್ ಮೈಕ್‌ಗೆ ನುಸುಳುತ್ತದೆ. ಹಳೇ ಬಿಲ್ಡಿಂಗ್‌ಗಳ ಎರಡು ತೂತಿನ ಸಾಕೆಟ್‌ನಲ್ಲಿ ಇದು ಮಾಮೂಲಿ.

ನಿಲ್ಲದಿದ್ದರೆ ಬೂಸ್ಟ್ ಇಳಿಸಿ, ಮೈಕ್‌ಗೆ ಹತ್ತಿರ ಕುಳಿತುಕೊಳ್ಳಿ. ದೂರ ಕುಳಿತು ಮಟ್ಟ ಏರಿಸುವುದಕ್ಕಿಂತ ಇದು ಮೇಲು. ಪೈಪ್‌ವೈರ್ ಜೊತೆ ಕೆಲಸ ಮಾಡುವ ಈಸಿ ಎಫೆಕ್ಟ್ಸ್ ಎಂಬ ಆ್ಯಪ್‌ನಲ್ಲಿ ಗದ್ದಲ ಕಡಿಮೆ ಮಾಡುವ ಸೌಕರ್ಯ ಇದೆ. ಫ್ಯಾನ್‌ನಂಥ ಒಂದೇ ಸಮನಾದ ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ. ಮಾಡಿನ ಮೇಲೆ ಮಳೆ, ಕಿಟಕಿಯಾಚೆ ಫಾಸ್ಟ್ ಲೋಕಲ್‌ನ ಹಾರ್ನ್, ಇವಕ್ಕೆಲ್ಲ ಕಿಟಕಿ ಮುಚ್ಚುವುದೇ ಮದ್ದು. ಹಾಡಿನ ಜೊತೆ ತಾಳ, ಹಾರ್ಮೋನಿಯಂ ಇದ್ದರೆ ಈ ಸೌಕರ್ಯ ಬಂದ್ ಮಾಡಿ. ತಾಳವನ್ನೂ ಗದ್ದಲ ಅಂತ ತಿಳಿದು ನುಂಗಿಬಿಡುತ್ತದೆ. ಮಾಮಿಯ ಗುಂಪಿನಲ್ಲಿ ಹಾಗೇ ಆಯಿತು: ಹಾಡು ಕೇಳಿತು, ತಾಳ ಮಾಯ.

ಏನು ಮಾಡಿದರೂ ಆಗದಿದ್ದರೆ

ಎರಡು ದಾರಿ ಉಂಟು. ಒಂದು, ತಿಳಿದವರನ್ನು ಕೇಳುವುದು. ಕೇಳುವಾಗ ‘ಮೈಕ್ ಆಗ್ತಿಲ್ಲ’ ಅಂತಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯದು. ಲ್ಯಾಪ್‌ಟಾಪ್‌ನ ಪೂರ್ತಿ ಮಾದರಿ ಹೆಸರು, ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ಕರ್ನಲ್ ಆವೃತ್ತಿ, ‘ಎರೆಕಾರ್ಡ್’ ಪಟ್ಟಿಯಲ್ಲಿ ಬಂದದ್ದು, ಐದು ಸೆಕೆಂಡಿನ ಪರೀಕ್ಷೆಯಲ್ಲಿ ಏನಾಯಿತು, ಇಷ್ಟು ಕೊಡಿ. ಕರ್ನಲ್ ಆವೃತ್ತಿ ತಿಳಿಯಲು ಯು, ಎನ್, ಎ, ಎಂ, ಇ, ಜಾಗ, ಅಡ್ಡಗೆರೆ, ಆರ್.

ಇನ್ನೊಂದು, ಯುಎಸ್‌ಬಿ ಮೈಕ್ ಅಥವಾ ಹೆಬ್ಬೆರಳಿನಷ್ಟಿರುವ ಯುಎಸ್‌ಬಿ ಸೌಂಡ್‌ಕಾರ್ಡ್. ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನ ಅಂಗಡಿಗಳಲ್ಲಿ ಅಗ್ಗಕ್ಕೂ ಸಿಗುತ್ತದೆ. ಇದಕ್ಕೆ ಲ್ಯಾಪ್‌ಟಾಪ್ ಒಳಗಿನ ಚಿಪ್‌ನ ಹಂಗಿಲ್ಲ. ಯುಎಸ್‌ಬಿ ಸದ್ದಿಗೆ ಎಲ್ಲರೂ ಒಪ್ಪಿದ ಒಂದು ಕ್ರಮ ಇದೆ, ಆ ಕ್ರಮ ಪಾಲಿಸುವ ಸಾಧನಕ್ಕೆ ಬೇರೆ ಡ್ರೈವರ್ ಬೇಡ, ಕರ್ನಲ್‌ಗೆ ಆಗಲೇ ಗೊತ್ತು. ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ. ಕೌಂಟರ್ ಮೇಲಿಟ್ಟು ಸಿಕ್ಕಿಸಿ, ‘ಎರೆಕಾರ್ಡ್’ ಪಟ್ಟಿ ತೆಗೆಯಿರಿ. ‘ಯುಎಸ್‌ಬಿ ಆಡಿಯೊ’ ಎಂಬ ಹೊಸ ಸಾಲು ಬಂದರೆ ಅಲ್ಲೇ ಐದು ಸೆಕೆಂಡ್ ಮಗ್ಗಿ ಹೇಳಿ, ಕೇಳಿ ನೋಡಿ, ಆಮೇಲೆ ದುಡ್ಡು ಕೊಡಿ.